ಟ್ರಿಪಲ್ ಜಂಪ್ ನೋಡುವಾಗ ಕಣ್ಣು ನಡುವಿನ ಹೆಜ್ಜೆಯ ಮೇಲಿರಲಿ

ಪ್ರಶ್ನೆ: ನಮಸ್ಕಾರ ಸರ್. ನಾವು ಕಾಪು ಹತ್ತಿರದವರು. ಮಗಳು ಒಂಬತ್ತನೇ ಕ್ಲಾಸು. ಲಾಂಗ್ ಜಂಪ್‌ನಲ್ಲಿ 4.80 ಮೀಟರ್ ಹಾರುತ್ತಾಳೆ. ಈ ವರ್ಷ ಟ್ರಿಪಲ್ ಜಂಪ್‌ಗೂ ಹೆಸರು ಕೊಡೋಣ ಅಂತ ಅವಳ ಪಿ.ಟಿ. ಸರ್ ಹೇಳಿದ್ದಾರೆ. ಅದಕ್ಕೇ ಅವಳು ಮೊಬೈಲ್‌ನಲ್ಲಿ 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳೆಯರ ಫೈನಲ್ ಹಾಕಿಕೊಂಡು ಕೂತಳು. ನಾನೂ ನೋಡಿದೆ, ತಲೆಬುಡ ಅರ್ಥವಾಗಲಿಲ್ಲ. ವಿಶ್ವದಾಖಲೆ ಇರುವವರಿಗೆ ಮೂರನೇ ಸ್ಥಾನ ಹೇಗೆ ಬಂತು? ನಮ್ಮ ಹುಡುಗಿಯರು ಯಾರೂ ಅಲ್ಲಿ ಯಾಕಿಲ್ಲ? ಮಂಡಿ ಹಾಳಾಗ್ತದೆ ಅಂತ ನಮ್ಮ ಅತ್ತೆ ಹೆದರಿಸ್ತಾರೆ, ನಿಜವಾ? ಈ ಮಳೆಯಲ್ಲಿ ಅಭ್ಯಾಸ ಎಲ್ಲಿ ಮಾಡಿಸೋದು?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತು. ಅವರು ಹೆದರುವುದರಲ್ಲಿ ತಪ್ಪೇನಿಲ್ಲ. ಈ ಆಟದಲ್ಲಿ ಒಂದೇ ಕಾಲಿನ ಮೇಲೆ ಬೀಳುವಷ್ಟು ಭಾರ ಬೇರೆ ಜಿಗಿತಗಳಲ್ಲಿ ಬೀಳುವುದಿಲ್ಲ. ಆದರೆ ನಾನು ಕಂಡಂತೆ ಮಂಡಿ ಕೆಡುವುದು ಕಲಿಸುವ ರೀತಿಯಿಂದ, ಮತ್ತೆ ಕಾಲಡಿಯ ನೆಲದಿಂದ. ಅದಕ್ಕೆ ಆಮೇಲೆ ಬರುತ್ತೇನೆ. ನೀವು ನೋಡಿದ ಫೈನಲ್ ಸರಿಯಾಗಿ ಅರ್ಥವಾದರೆ ಮಂಡಿಯ ವಿಷಯ ಅರ್ಧ ಅಲ್ಲೇ ಮುಗಿಯುತ್ತದೆ.

ನಿಯಮ ಸರಳ. ಓಡಿ ಬಂದು, ಜಿಗಿಯಲು ನೆಲದಲ್ಲಿ ಕೂರಿಸಿರುವ ಹಲಗೆಯ ಮೇಲೆ ಎಡಗಾಲಿಟ್ಟು ಎದ್ದರೆ, ಮತ್ತೆ ಎಡಗಾಲಿನ ಮೇಲೆಯೇ ಇಳಿಯಬೇಕು. ಇದು ಹಾಪ್. ಅಲ್ಲಿಂದ ಎದ್ದು ಬಲಗಾಲಿನ ಮೇಲೆ ಇಳಿಯಬೇಕು. ಇದು ಸ್ಟೆಪ್. ಆ ಬಲಗಾಲಿನಿಂದ ಎದ್ದು ಪಿಟ್‌ನ ಹೊಯ್ಗೆಗೆ ಬೀಳುವುದು ಜಂಪ್. ಎಡ-ಎಡ-ಬಲ, ಇಲ್ಲವಾದರೆ ಬಲ-ಬಲ-ಎಡ. ಗಾಳಿಯಲ್ಲಿರುವ ಇನ್ನೊಂದು ಕಾಲು ನಡುವೆ ನೆಲಕ್ಕೆ ತಾಗಿದರೆ ಫೌಲ್ ಅಂತ ಈಗಲೂ ಕೆಲವರು ಕೆಂಪು ಬಾವುಟ ಎತ್ತುವುದುಂಟು. ಅದು ಎಷ್ಟೋ ಹಿಂದೆ ಹೋದ ನಿಯಮ. ಈಗ ಹಾಗೇನಿಲ್ಲ. ಮಗಳಿಗೆ ಇದನ್ನು ಹೇಳಿಕೊಡಿ, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಟಿವಿಯಲ್ಲಿ ನೋಡುವಾಗ ನಮ್ಮೆಲ್ಲರ ಕಣ್ಣೂ ಕೊನೆಯ ಜಂಪ್ ಮೇಲೆ ಇರುತ್ತದೆ. ಹೊಯ್ಗೆ ಹಾರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಅಳತೆ ಬರುತ್ತದೆ. ಆಟ ನಿರ್ಧಾರವಾಗುವುದು ಅದಕ್ಕಿಂತ ಮೊದಲು, ನಡುವಿನ ಸ್ಟೆಪ್‌ನಲ್ಲಿ. ಒಳ್ಳೆಯ ಮಹಿಳಾ ಜಂಪರ್‌ಗಳು ಹಲಗೆಗೆ ಬರುವಾಗ ಸೆಕೆಂಡಿಗೆ 9 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿರುತ್ತಾರೆ. ಮುಂದೆ ಒಂದೊಂದು ಸಲ ಕಾಲು ನೆಲಕ್ಕೆ ತಾಗಿದಾಗಲೂ ಆ ವೇಗದಲ್ಲಿ ಸ್ವಲ್ಪ ಕಳೆದುಹೋಗುತ್ತದೆ. ಎಷ್ಟು ಕಮ್ಮಿ ಕಳೆದುಕೊಂಡರು ಅನ್ನುವುದರಲ್ಲೇ ಇಡೀ ಆಟ ಇದೆ. ಕಾಲು ನೆಲದ ಮೇಲಿರುವ ಸಮಯ ಸೆಕೆಂಡಿನ ಐದರಲ್ಲೊಂದು ಭಾಗವೂ ಇಲ್ಲ. ಹಾಪ್ ಮುಗಿಸಿ ಇಳಿಯುವ ಆ ಕ್ಷಣದಲ್ಲಿ ಕಾಲಿನ ಮೇಲೆ ಬರುವ ಹೊಡೆತ ದೇಹತೂಕದ ಹತ್ತು ಪಟ್ಟನ್ನೂ ದಾಟುವುದುಂಟು.

ಈಗ ಒಂದು ವಿಷಯ ಯೋಚಿಸಿ. ಹಾಪ್‌ನಲ್ಲಿ ತುಂಬಾ ಎತ್ತರಕ್ಕೆ ಹೋದರೆ ಏನಾಗುತ್ತದೆ? ಎತ್ತರದಿಂದ ಬಿದ್ದಷ್ಟು ಹೊಡೆತ ಜಾಸ್ತಿ. ಮಂಡಿ ಮಡಚುತ್ತದೆ, ಸೊಂಟ ಕುಸಿಯುತ್ತದೆ. ಸ್ಟೆಪ್ ಸಣ್ಣದಾಗುತ್ತದೆ. ಕೊನೆಯ ಜಂಪ್‌ಗೆ ವೇಗವೇ ಉಳಿಯುವುದಿಲ್ಲ. ಹಾಪ್‌ನಲ್ಲಿ ಗಳಿಸಿದ ಅರ್ಧ ಮೀಟರ್ ಸ್ಟೆಪ್‌ನಲ್ಲಿ ಬಡ್ಡಿ ಸಮೇತ ಹೋಗುತ್ತದೆ. ದೂರವೂ ಹೋಯಿತು, ಮಂಡಿಗೂ ಪೆಟ್ಟು. ಎರಡಕ್ಕೂ ಕಾರಣ ಒಂದೇ.

15 ಮೀಟರ್ ಹಾರುವವರ ಜಿಗಿತವನ್ನು ಬಿಡಿಸಿ ನೋಡಿದರೆ ಸುಮಾರಾಗಿ ಹಾಪ್ 5.4, ಸ್ಟೆಪ್ 4.4, ಜಂಪ್ 5.2 ಮೀಟರ್ ಇರುತ್ತದೆ. ಆಳಿಂದ ಆಳಿಗೆ ವ್ಯತ್ಯಾಸ ಇದ್ದೇ ಇದೆ. ಪುರುಷರ ವಿಶ್ವದಾಖಲೆ, ಅಂದರೆ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಹಾರಿದ 18.29, ಹೀಗೆ ಹಂಚಿಕೆಯಾಗಿತ್ತು: 6.05, 5.22, 7.02. ಹಾಪ್ ದೊಡ್ಡದಲ್ಲ, ತಗ್ಗಾಗಿ ಹೋಗಿ ವೇಗ ಉಳಿಸಿಕೊಂಡು ಕೊನೆಯಲ್ಲಿ 7 ಮೀಟರ್ ತೆಗೆದರು. ಆ ವಿಡಿಯೋ ಸಿಕ್ಕರೆ ಮಗಳಿಗೆ ತೋರಿಸಿ. ನನಗಂತೂ ಅಷ್ಟು ಹಗುರವಾಗಿ ನೆಲ ಮುಟ್ಟುವವರನ್ನು ಆಮೇಲೂ ಕಂಡಂತಿಲ್ಲ.

ಮಹಿಳೆಯರ ಲೆಕ್ಕಕ್ಕೆ ಬರೋಣ. ಈಗಿನ ವಿಶ್ವದಾಖಲೆ ವೆನೆಜುವೆಲಾದ ಯೂಲಿಮಾರ್ ರೋಹಾಸ್ ಅವರದು, 15.74 ಮೀಟರ್. 2022ರ ಮಾರ್ಚ್‌ನಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಹಾರಿದ್ದು. ಮಂಗಳೂರು–ಉಡುಪಿ ನಡುವೆ ಓಡುವ ಉದ್ದದ ಬಸ್ಸು ಕೂಡ 12 ಮೀಟರ್ ದಾಟುವುದಿಲ್ಲ, ಅಷ್ಟನ್ನು ದಾಟಿ ಮತ್ತೆ ಮೂರೂವರೆ ಮೀಟರ್! ಹೊರಾಂಗಣದಲ್ಲಿ ಅವರ ಅತ್ಯುತ್ತಮ 15.67, 2021ರ ಟೋಕಿಯೊ ಒಲಿಂಪಿಕ್ಸ್‌ನದು. ಅಲ್ಲಿ ಮೊದಲ ಯತ್ನದಲ್ಲೇ 15.41 ಹಾರಿ ಚಿನ್ನ ಖಾತ್ರಿ ಮಾಡಿಕೊಂಡಂತಾಗಿತ್ತು. ಆದರೂ ಕೊನೆಯ ಯತ್ನದಲ್ಲಿ ದಾಖಲೆ ಮುರಿದರು. ಆ ದಾಖಲೆ ಉಕ್ರೇನಿನ ಇನೆಸ್ಸಾ ಕ್ರಾವೆಟ್ಸ್ ಅವರದಾಗಿತ್ತು, 15.50, 1995ರ ಆಗಸ್ಟ್ 10. ಕ್ರಾವೆಟ್ಸ್ ಅದನ್ನು ಹಾರಿದಾಗ ರೋಹಾಸ್ ಇನ್ನೂ ಹುಟ್ಟಿರಲಿಲ್ಲ, ಅವರು ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ.

ಹಾಗಾದರೆ 15.74ರ ಒಡತಿಗೆ ನೀವು ನೋಡಿದ ಫೈನಲ್‌ನಲ್ಲಿ ಕಂಚು ಯಾಕೆ? ಕ್ಯೂಬಾದ ಲೆಯಾನಿಸ್ ಪೆರೆಸ್ 14.94ಕ್ಕೆ ಚಿನ್ನ, ಡೊಮಿನಿಕಾದ ಥಿಯಾ ಲಾಫಾಂಡ್ 14.89ಕ್ಕೆ ಬೆಳ್ಳಿ, ರೋಹಾಸ್ 14.76. ಒಂದು ಕಾರಣ ಹಿಮ್ಮಡಿ. 2024ರ ಏಪ್ರಿಲ್‌ನಲ್ಲಿ ರೋಹಾಸ್ ಅವರ ಹಿಮ್ಮಡಿಯ ಮೇಲಿನ ದಪ್ಪ ನರಕ್ಕೆ ಪೆಟ್ಟಾಯಿತು. ನರ ಅಂತ ನಾವು ರೂಢಿಯಲ್ಲಿ ಹೇಳುತ್ತೇವೆ, ಡಾಕ್ಟರ್ ಭಾಷೆಯಲ್ಲಿ ಅದು ಅಕಿಲಿಸ್ ಸ್ನಾಯುರಜ್ಜು. ಶಸ್ತ್ರಚಿಕಿತ್ಸೆ ಆಯಿತು, ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು. ನೀವು ನೋಡಿದ್ದು ಬಹಳ ಕಾಲದ ನಂತರ ಮೈದಾನಕ್ಕೆ ಮರಳಿದ ರೋಹಾಸ್ ಅವರನ್ನು. ಪ್ರತಿ ಸಲ ಒಂಟಿಕಾಲಿನಲ್ಲಿ ಇಳಿದು ಅದೇ ಕಾಲಿನಲ್ಲಿ ಏಳುವ ಆಟದಲ್ಲಿ ಆ ರಜ್ಜು ಕೈಕೊಟ್ಟರೆ ಎಷ್ಟು ಕಷ್ಟ ಅಂತ ಊಹಿಸಿ. 14.76 ನನ್ನ ಕಣ್ಣಿಗೆ ಸೋಲಾಗಿ ಕಾಣಲಿಲ್ಲ.

ಇನ್ನೊಂದು ಕಾರಣ ದೊಡ್ಡ ಕೂಟದ ಸ್ವಭಾವ. ಮೊದಲು ಅರ್ಹತಾ ಸುತ್ತು, ಒಬ್ಬರಿಗೆ ಮೂರು ಯತ್ನ. ನೇರ ಅರ್ಹತೆಯ ದೂರ ಈಚಿನ ಕೂಟಗಳಲ್ಲಿ 14.30ರಿಂದ 14.40ರ ಆಸುಪಾಸು. ಅಷ್ಟು ಹಾರಿದವರು ಸಾಕಷ್ಟು ಇಲ್ಲದಿದ್ದರೆ ದೂರದ ಲೆಕ್ಕದಲ್ಲಿ 12 ಮಂದಿಯನ್ನು ತುಂಬಿಸುತ್ತಾರೆ. ಫೈನಲ್‌ನಲ್ಲಿ ಹಿಂದಿನ ದಿನದ ದೂರ ಲೆಕ್ಕಕ್ಕಿಲ್ಲ, ಎಲ್ಲ ಸೊನ್ನೆಯಿಂದ ಶುರು. ಮೊದಲ ಮೂರು ಯತ್ನ ಎಲ್ಲರಿಗೂ. ಆಮೇಲೆ ಹಿಂದಿರುವವರು ಹೊರಗೆ. ಬಹಳ ಕಾಲ ಮೂರು ಯತ್ನದ ನಂತರ ಎಂಟು ಜನರನ್ನು ಉಳಿಸಿಕೊಂಡು ಇನ್ನೂ ಮೂರು ಕೊಡುವ ಪದ್ಧತಿ ಇತ್ತು. 2025ರ ಟೋಕಿಯೊದಲ್ಲಿ ಕೊನೆಕೊನೆಯ ಸುತ್ತುಗಳಲ್ಲೂ ಜನ ಕಡಿಮೆ ಮಾಡುತ್ತಾ ಹೋದರು. ನೀರಜ್ ಚೋಪ್ರಾ ಅಲ್ಲಿ ಐದನೇ ಎಸೆತದ ನಂತರ ಹೊರಬಿದ್ದದ್ದು ನೆನಪಿರಬಹುದು, ಅಲ್ವಾ?

ಹಾಗಾಗಿ ಮೊದಲ ಮೂರು ಯತ್ನಗಳಲ್ಲಿ ಒಂದಾದರೂ ಫೌಲ್ ಇಲ್ಲದ, ಒಪ್ಪುವಂಥ ದೂರ ಪುಸ್ತಕದಲ್ಲಿ ಬೀಳಬೇಕು. ಇಲ್ಲದಿದ್ದರೆ ಎಂಥ ದಾಖಲೆ ಇದ್ದರೂ ಗಂಟುಮೂಟೆ ಕಟ್ಟಬೇಕಾದೀತು. ಕ್ರಾವೆಟ್ಸ್ ಕಥೆಯನ್ನೇ ನೋಡಿ. ಸ್ವೀಡನ್ನಿನ ಗೊಥೆನ್‌ಬರ್ಗ್‌ನ 1995ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರ ಮೊದಲ ಎರಡು ಯತ್ನಗಳೂ ಫೌಲ್. ಮೂರನೆಯದೂ ಫೌಲ್ ಆದರೆ ಮನೆಗೆ. ಅಂಥ ಹೊತ್ತಿನಲ್ಲಿ ಯಾರಾದರೂ ಹಲಗೆಗಿಂತ ಒಂದು ಗೇಣು ಹಿಂದಿನಿಂದ ಎದ್ದು ಜಾಗ ಉಳಿಸಿಕೊಳ್ಳುತ್ತಾರೆ. ಇವರು ಆ ಮೂರನೇ ಯತ್ನದಲ್ಲಿ 15.50 ಹಾರಿದರು. ಅದು 26 ವರ್ಷ ನಿಂತಿತು. ಎಡ್ವರ್ಡ್ಸ್ ತಮ್ಮ 18.29 ಹಾರಿದ್ದೂ ಅದೇ ಕೂಟದಲ್ಲಿ, ಮೂರು ದಿನ ಮುಂಚೆ. ಟ್ರಿಪಲ್ ಜಂಪ್ ಹುಚ್ಚಿನವರಿಗೆ ಆ ವಾರ ಹಬ್ಬ.

ರೋಹಾಸ್ ಕೂಡ ಇಂಥ ಬಿಸಿ ಕಂಡವರೇ. 2023ರ ಬುಡಾಪೆಸ್ಟ್ ಫೈನಲ್‌ನಲ್ಲಿ ಕೊನೆಯ ಯತ್ನದ ತನಕ ಅವರು ಪದಕದ ಸಾಲಿನಲ್ಲೇ ಇರಲಿಲ್ಲ. ಉಕ್ರೇನಿನ ಮರಿನಾ ಬೇಕ್-ರೊಮಾಂಚುಕ್ 15.00 ಹಾರಿ ಮುಂದಿದ್ದರು. ಆರನೇ ಯತ್ನದಲ್ಲಿ ರೋಹಾಸ್ 15.08. ಎಂಟು ಸೆಂಟಿಮೀಟರ್‌ನಲ್ಲಿ ಚಿನ್ನ. ಆ ಆರು ಜಿಗಿತಗಳನ್ನು ಒಂದರ ಹಿಂದೆ ಒಂದು ನೋಡುವುದಾದರೆ ಓಟ ನೋಡಬೇಡಿ, ಮುಖ ನೋಡಬೇಡಿ. ಹಾಪ್ ಇಳಿದ ಮೇಲೆ ಸೊಂಟ ಎಷ್ಟು ಕುಸಿಯುತ್ತದೆ ಅಂತ ಮಾತ್ರ ನೋಡಿ. ಆಗ ಅಳತೆ ಬರುವ ಮೊದಲೇ ಜಿಗಿತ ಉದ್ದವೋ ಗಿಡ್ಡವೋ ಅಂತ ನೀವೇ ಹೇಳಬಲ್ಲಿರಿ.

ನಿಮ್ಮ ಮಗಳಿಗೆ ಹೇಳಬೇಕಾದ ಇನ್ನೆರಡು ವಿಷಯ. ಒಂದು ಗಾಳಿ. ಬೆನ್ನಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್‌ಗಿಂತ ಜಾಸ್ತಿ ಇದ್ದರೆ ಕೂಟದಲ್ಲಿ ಆ ದೂರ ನಡೆಯುತ್ತದೆ, ಪದಕವೂ ಸಿಗುತ್ತದೆ, ದಾಖಲೆಗೆ ಮಾತ್ರ ಹೋಗುವುದಿಲ್ಲ. ಸಂಜೆ ಹೊತ್ತು ಕಡಲ ಗಾಳಿ ಬೀಸುವ ನಮ್ಮ ಕಡೆ ಇದು ತಿಳಿದಿದ್ದರೆ ಒಳ್ಳೆಯದು. ಇನ್ನೊಂದು ಹಲಗೆ. ಅದರ ಅಗಲ 20 ಸೆಂಟಿಮೀಟರ್. ಬೂಟಿನ ತುದಿ ಮುಂದಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಫೌಲ್. ಗೆರೆಗಿಂತ ಹಿಂದೆ ಎದ್ದರೆ ಅಷ್ಟು ನಷ್ಟ, ಯಾಕೆಂದರೆ ಅಳೆಯುವುದು ಗೆರೆಯಿಂದ ಹೊಯ್ಗೆಯಲ್ಲಿ ಬಿದ್ದ ಅತಿ ಹತ್ತಿರದ ಗುರುತಿಗೆ. ಹಿಂದಕ್ಕೆ ಕೈ ಊರಿದರೆ ಕೈಯ ಗುರುತೇ ಲೆಕ್ಕ. ಎಷ್ಟು ಮಕ್ಕಳು ಚೆನ್ನಾಗಿ ಹಾರಿ, ಏಳುವಾಗ ಹಿಂದಕ್ಕೆ ಕೈ ಊರಿ ಅರ್ಧ ಮೀಟರ್ ಕಳೆದುಕೊಳ್ಳುತ್ತಾರೆ ಮಾರಾಯ್ರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಹುಡುಗಿಯರು ಯಾಕಿಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಪುರುಷರ ಟ್ರಿಪಲ್ ಜಂಪ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದಲೂ ಇದೆ. ಮಹಿಳೆಯರಿಗೆ ಅದು ಸಿಕ್ಕಿದ್ದು 1996ರ ಅಟ್ಲಾಂಟಾದಲ್ಲಿ. ಸರಿಯಾಗಿ ನೂರು ವರ್ಷ ತಡ! ವಿಶ್ವ ಚಾಂಪಿಯನ್‌ಷಿಪ್‌ಗೆ 1993ರಲ್ಲಿ ಬಂತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರಷ್ಯಾದ ಅನ್ನಾ ಬಿರ್ಯುಕೋವಾ 15.09 ಹಾರಿ, 15 ಮೀಟರ್ ದಾಟಿದ ಮೊದಲ ಮಹಿಳೆಯಾದರು. ಅಟ್ಲಾಂಟಾದ ಮೊದಲ ಚಿನ್ನ ಕ್ರಾವೆಟ್ಸ್‌ಗೆ ಹೋಯಿತು. ಅಂದರೆ ಇಡೀ ಜಗತ್ತಿಗೇ ಇದು ಹೊಸ ಆಟ. ಎಲ್ಲರೂ ಹೆಚ್ಚುಕಮ್ಮಿ ಒಟ್ಟಿಗೇ ಶುರು ಮಾಡಿದ್ದು.

ನಾವು ಮಾತ್ರ ಹಿಂದೆ ಉಳಿದೆವು. ಕೇರಳದ ಮಯೂಖಾ ಜಾನಿ 2011ರಲ್ಲಿ ಜಪಾನಿನ ಕೋಬೆಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 14.11 ಹಾರಿ ಕಂಚು ಗೆದ್ದರು. 14 ಮೀಟರ್ ದಾಟಿದ ಮೊದಲ ಭಾರತೀಯ ಮಹಿಳೆ ಅವರು. ಮರುವರ್ಷ ಲಂಡನ್ ಒಲಿಂಪಿಕ್ಸ್‌ಗೂ ಹೋದರು, ಅರ್ಹತಾ ಸುತ್ತು ದಾಟಲಾಗಲಿಲ್ಲ. 2022ರಲ್ಲಿ ನಮ್ಮ ಕರ್ನಾಟಕದವರೇ ಒಬ್ಬರು 14.14 ಹಾರಿದ್ದರು, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅದು ರದ್ದಾಯಿತು. ವಿಶ್ವ ಕೂಟದ ಫೈನಲ್‌ಗೆ ನೇರವಾಗಿ ಹೋಗಲು ಬೇಕಾದದ್ದು 14.30ರ ಮೇಲೆ. ಅಂತರ ಒಂದು ಗೇಣಿನಷ್ಟು. ದೂರದಲ್ಲಿ ಕಮ್ಮಿ, ಆದರೆ ಆ ಒಂದು ಗೇಣಿಗೆ ವರ್ಷಗಟ್ಟಲೆ ಬೇಕು.

ಪುರುಷರಲ್ಲಿ ನಮಗೆ ಈ ಕೊರತೆ ಇಲ್ಲ ನೋಡಿ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದಲ್ಲಿ ಎಲ್ಡೋಸ್ ಪಾಲ್ 17.03, ಅಬ್ದುಲ್ಲ ಅಬೂಬಕ್ಕರ್ 17.02, ಚಿನ್ನ ಬೆಳ್ಳಿ ಎರಡೂ ನಮಗೆ. ಮರುವರ್ಷ ಪ್ರವೀಣ್ ಚಿತ್ರವೇಲ್ 17.37 ಹಾರಿದರು. ಹುಡುಗರಲ್ಲಿ ಟ್ರಿಪಲ್ ಜಂಪ್ ಅಂತಲೇ ಬರುವವರಿದ್ದಾರೆ. ಹುಡುಗಿಯರಲ್ಲಿ ಲಾಂಗ್ ಜಂಪ್‌ನಲ್ಲಿ ಪದಕ ಸಿಗದಿದ್ದಾಗ, ಕಾಲೇಜಿಗೆ ಬಂದ ಮೇಲೆ, ‘ಇದನ್ನೂ ನೋಡು’ ಅಂತ ದೂಡುವುದೇ ಜಾಸ್ತಿ. ಅಷ್ಟು ಹೊತ್ತಿಗೆ ಕಾಲಿನ ಲಯ ಗಟ್ಟಿಯಾಗಿಬಿಟ್ಟಿರುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಒಂಬತ್ತನೇ ಕ್ಲಾಸಿನಲ್ಲೇ ನಿಮ್ಮ ಪಿ.ಟಿ. ಸರ್ ಈ ಮಾತು ಎತ್ತಿದ್ದು ನನಗೆ ಖುಷಿಯಾದದ್ದು ಅದಕ್ಕೇ.

ದೊಡ್ಡ ದೇಶ, ದೊಡ್ಡ ದುಡ್ಡು ಇದ್ದರೇ ಆಗುವುದು ಅನ್ನುವವರಿಗೆ ಥಿಯಾ ಲಾಫಾಂಡ್ ಉತ್ತರ. ಅವರ ಡೊಮಿನಿಕಾದ ಜನಸಂಖ್ಯೆ ನಮ್ಮ ಉಡುಪಿ ನಗರಕ್ಕಿಂತಲೂ ಕಮ್ಮಿ. 2024ರ ಪ್ಯಾರಿಸ್‌ನಲ್ಲಿ ಅವರು 15.02 ಹಾರಿ ಗೆದ್ದ ಚಿನ್ನ ಆ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ. ಆ ಸಂಜೆ ಅಲ್ಲಿ ಮಳೆ. ಒದ್ದೆ ಹಲಗೆಯಿಂದಲೇ ಎದ್ದು ಹಾರಿದ್ದು. ಕೊಲಂಬಿಯಾದ ಕ್ಯಾಟರೀನ್ ಇಬಾರ್ಗುವೆನ್ ಅವರನ್ನೂ ನೋಡಿ. 2004ರ ಒಲಿಂಪಿಕ್ಸ್‌ಗೆ ಹೋದದ್ದು ಹೈಜಂಪ್‌ಗೆ. 2016ರಲ್ಲಿ ರಿಯೊದಲ್ಲಿ ಟ್ರಿಪಲ್ ಜಂಪ್ ಚಿನ್ನ, 15.17. ರೋಹಾಸ್ ಕೂಡ ಹೈಜಂಪ್‌ನಿಂದ ಬಂದವರೇ. ಹೈಜಂಪ್‌ನಲ್ಲಿ ನಮ್ಮ ಕರಾವಳಿಯೂ ಕಮ್ಮಿಯಿಲ್ಲ. 2012ರಲ್ಲಿ 1.92 ಮೀಟರ್ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್‌ಗೆ ಹೋದ ಸಹನಾ ಕುಮಾರಿ ದಕ್ಷಿಣ ಕನ್ನಡದವರು. ಎತ್ತರ ಜಿಗಿಯುವ ಹುಡುಗಿಯರು ಇರುವ ಕಡೆ ಟ್ರಿಪಲ್ ಜಂಪರ್ ಸಿಗಲಾರರು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಮಗಳು. ಲಾಂಗ್ ಜಂಪ್ 4.80 ಇದ್ದರೆ ಟ್ರಿಪಲ್ ಜಂಪ್ ಕಲಿತ ಮೇಲೆ ಸುಮಾರು 10 ಮೀಟರ್ ಬರಬೇಕು. ಲಾಂಗ್ ಜಂಪ್‌ನ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಇದು ಒಂದು ಅಂದಾಜು. ಮಯೂಖಾ ಅವರದು 6.64 ಮತ್ತು 14.11, ಹೆಚ್ಚುಕಮ್ಮಿ ಅದೇ ಲೆಕ್ಕ. ಕಲಿಯುವಾಗ 9 ಮೀಟರ್ ಬಂದರೂ ಬೇಜಾರು ಬೇಡ.

ಮೊದಲು ಹಲಗೆ ಎಲ್ಲಿದೆ ಅಂತ ನೋಡಿ. ಅಂತರರಾಷ್ಟ್ರೀಯ ಕೂಟದಲ್ಲಿ ಮಹಿಳೆಯರಿಗೆ ಹಲಗೆ ಪಿಟ್‌ನಿಂದ 11 ಮೀಟರ್ ಹಿಂದೆ ಇರುತ್ತದೆ, ಪುರುಷರಿಗೆ 13. ನಿಮ್ಮ ಮಗಳಿಗೆ 9 ಮೀಟರ್ ಗೆರೆ ಕೊಟ್ಟರೂ ಅವಳು ಹೊಯ್ಗೆಯ ಅಂಚಿನಲ್ಲಿ ಬೀಳುತ್ತಾಳೆ, ಹಿಮ್ಮಡಿ ಕಟ್ಟೆಗೆ ಬಡಿಯಬಹುದು. ಅದನ್ನು ತಪ್ಪಿಸಲು ಮಕ್ಕಳು ಹಾಪ್ ಅನ್ನು ಎಳೆದಾಡುತ್ತಾರೆ, ಅಲ್ಲಿಂದಲೇ ಮಂಡಿ ನೋವು ಶುರು. 7 ಮೀಟರ್ ಗೆರೆ ಹಾಕಿಸಿ. 10 ಮೀಟರ್ ಹಾರುವವರ ಹಾಪ್ ಮತ್ತು ಸ್ಟೆಪ್ ಸೇರಿ ಆರೂವರೆ ಮೀಟರ್ ಆಸುಪಾಸು, ಹಾಗಾಗಿ ಸ್ಟೆಪ್ ಗಟ್ಟಿ ನೆಲದ ಮೇಲೆ ಮುಗಿಯುತ್ತದೆ, ಕೊನೆಯ ಜಂಪ್ ಹೊಯ್ಗೆಯ ನಡುವಿಗೆ ಹೋಗುತ್ತದೆ. ಶಾಲೆಯಲ್ಲಿ ಹಲಗೆ ಬೇಕಂತಲೂ ಇಲ್ಲ, ಸುಣ್ಣದ ಗೆರೆ ಸಾಕು.

ಲಯ ಕಲಿಸಲು ಟೇಪು ಬೇಡ, ಕಿವಿ ಸಾಕು. ಮಗಳು ಆರೆಂಟು ಹೆಜ್ಜೆಯ ಸಣ್ಣ ಓಟದಿಂದ ಹಾರಲಿ. ನೀವು ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ಕಾಲಿನ ಸದ್ದು ಕೇಳಿ. ಹೊಸಬರದು ‘ಟಪ್… ಟಪ್-ಟಪ್’ ಅಂತ ಕೇಳುತ್ತದೆ. ಹಾಪ್ ದೊಡ್ಡದು, ಆಮೇಲೆ ಎರಡು ಸದ್ದು ಒಟ್ಟೊಟ್ಟಿಗೆ. ಸ್ಟೆಪ್ ಸತ್ತಿದೆ ಅಂತ ಅರ್ಥ. ‘ಟಪ್… ಟಪ್… ಟಪ್’ ಅಂತ ಸಮ ಅಂತರದಲ್ಲಿ ಕೇಳುವ ತನಕ ಹಾಪ್ ಸಣ್ಣದು ಮಾಡಿಸುತ್ತಾ ಹೋಗಿ. ದೂರ ಅಳೆಯಲೇ ಬೇಡಿ. ಹುಲ್ಲಿನ ಮೇಲೆ ಮೂರು ಸಮ ಅಂತರದ ಗೆರೆ ಹಾಕಿ, ಅದರಲ್ಲಿ ಕಾಲಿಡಲು ಹೇಳಿ. ಪಾದ ಪೂರ್ತಿಯಾಗಿ, ಚಪ್ಪಟೆಯಾಗಿ ನೆಲಕ್ಕೆ ಬರಬೇಕು. ತುದಿಗಾಲಲ್ಲಿ ಇಳಿದರೆ ಮೀನಖಂಡಕ್ಕೂ ಹಿಮ್ಮಡಿಗೂ ಪೆಟ್ಟು. ಕಾಲು ಮುಂದೆ ಚಾಚಿ ಹಿಮ್ಮಡಿ ಕೊಟ್ಟು ಇಳಿದರೆ ಬ್ರೇಕ್ ಹಾಕಿದ ಹಾಗೆ, ಮಂಡಿಗೆ ನೇರ ಹೊಡೆತ. ಕಾಲನ್ನು ಹಿಂದಕ್ಕೆ ಎಳೆಯುತ್ತಾ ಇಳಿಸು ಅಂತ ಹೇಳಿದರೆ ಮಕ್ಕಳಿಗೆ ಬೇಗ ಹಿಡಿತ ಸಿಗುತ್ತದೆ.

ನೆಲದ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ನಮ್ಮ ಶಾಲೆಗಳ ಎಷ್ಟೋ ಮೈದಾನಗಳು ಮುರಕಲ್ಲಿನ ಗುಡ್ಡ ತಟ್ಟಿ ಮಾಡಿದವು. ಬೇಸಿಗೆಯಲ್ಲಿ ಅದು ಸಿಮೆಂಟಿಗಿಂತ ಬೇರೆಯಲ್ಲ. ಅದರ ಮೇಲೆ ಒಂಟಿಕಾಲಿನ ಜಿಗಿತ ಬೇಡವೇ ಬೇಡ. ಶಾಲೆಯ ಜಗಲಿ, ಸಭಾಂಗಣದ ಟೈಲ್ಸ್, ಅದೂ ಬೇಡ. ಮಲ್ಪೆ ಕಡಲ ತೀರಕ್ಕೆ ಕರೆದುಕೊಂಡು ಹೋಗಿ ಮೆತ್ತಗಿನ ಹೊಯ್ಗೆಯಲ್ಲಿ ಹಾರಿಸುವವರಿದ್ದಾರೆ. ನಡೆಯಲಿ, ಓಡಲಿ, ಸರಿ. ಹಾಪ್ ಮಾಡಿಸಿದರೆ ಪಾದ ಹೂತು ಕಣಕಾಲು ಉಳುಕುತ್ತದೆ, ಲಯವೂ ನಿಧಾನವಾಗುತ್ತದೆ. ಒಳ್ಳೆಯ ಹುಲ್ಲು ಸಿಕ್ಕರೆ ಅದೇ ಮೊದಲ ಆಯ್ಕೆ. ಆಮೇಲೆ ಸಿಂಥೆಟಿಕ್ ಟ್ರ್ಯಾಕ್. ನಿಮಗೆ ಹತ್ತಿರದ್ದು ಉಡುಪಿಯ ಅಜ್ಜರಕಾಡು. ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೂ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲೂ ಇದೆ. ವಾರಕ್ಕೆ ಎರಡೇ ದಿನ ಜಿಗಿತದ ಅಭ್ಯಾಸ, ನಡುವೆ ಕನಿಷ್ಠ ಎರಡು ದಿನ ಬಿಡುವು. ಒಂದು ದಿನದಲ್ಲಿ ಒಂಟಿಕಾಲು ನೆಲಕ್ಕೆ ಬಡಿಯುವುದು 60 ಸಲದ ಒಳಗೆ ಇರಲಿ. ಪೂರ್ತಿ ಓಟದ ಜಿಗಿತ ಕೂಟಕ್ಕೆ ಮೊದಲು ನಾಲ್ಕೈದು ಸಾಕು.

ಮಳೆಗಾಲದಲ್ಲಿ ಜಿಗಿತ ಬಿಡಿ, ಕಾಲು ಕಟ್ಟಿ. ಪಿಟ್ ನೀರು ಕುಡಿದು ಗಟ್ಟಿಯಾಗಿರುತ್ತದೆ, ಅದರಲ್ಲಿ ಹಾರಿಸುವುದಕ್ಕಿಂತ ಮನೆಯಲ್ಲೇ ಒಂಟಿಕಾಲಿನ ಬಸ್ಕಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಹೊಟ್ಟೆ ಮತ್ತು ಸೊಂಟದ ವ್ಯಾಯಾಮ ಮಾಡಿಸಿ. ಮಳೆ ಬಿಟ್ಟ ಹೊತ್ತಲ್ಲಿ ಏರು ರಸ್ತೆಯಲ್ಲಿ ಸಣ್ಣ ಓಟ. ನಮ್ಮ ಕಡೆ ಏರಿಗೇನು ಬರ? ಏರಿನಲ್ಲಿ ಓಡಿದರೆ ಕಾಲಿಗೆ ಬಲ ಬರುತ್ತದೆ, ಹೊಡೆತ ಕಮ್ಮಿ. ಇಳಿಯುವಾಗ ಮಾತ್ರ ನಡೆದು ಬರಲಿ.

ಮೈ ಬಿಸಿ ಮಾಡದೆ ಹಾರಲು ಬಿಡಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆನ್ರಿ ರೆಬೆಲ್ಲೊ ಟ್ರಿಪಲ್ ಜಂಪ್ ಫೈನಲ್ ತಲುಪಿದ್ದರು. ವಯಸ್ಸು 19, ಪದಕದ ಭರವಸೆ ಇದ್ದ ಹುಡುಗ. ಫೈನಲ್‌ನಲ್ಲಿ ತೊಡೆಯ ಹಿಂಬದಿಯ ಸ್ನಾಯು ಹರಿದು ಅಲ್ಲಿಗೇ ಮುಗಿಯಿತು. ಚಳಿಯಲ್ಲಿ ಕಾಯುತ್ತಾ ಕೂತದ್ದೇ ಕಾರಣ ಅಂತ ಹಳಬರು ಹೇಳುತ್ತಿದ್ದರು. ನಮ್ಮ ಕೂಟಗಳಲ್ಲಿ ಹೆಸರು ಕರೆಯಲು ಎಷ್ಟು ಹೊತ್ತಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಕಾಯುವಾಗ ಮಗಳು ಕೂತು ಮಾತಾಡದೆ ಮೈ ಅಲುಗಾಡಿಸುತ್ತಿರಲಿ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿರಲಿ.

ಮಂಡಿ ಚಿಪ್ಪಿನ ಕೆಳಗೆ ಮೂಳೆ ಉಬ್ಬಿದಂತಾಗಿ ಮುಟ್ಟಿದರೆ ನೋವು, ಹಿಮ್ಮಡಿಯ ಹಿಂದೆ ನೋವು, ಕಣಕಾಲಿನ ಮೇಲೆ ಮೂಳೆ ಉದ್ದಕ್ಕೂ ನೋವು, ಈ ಮೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ಬೆಳವಣಿಗೆಯ ಜಾಗದ ಮೇಲೆ ಎಳೆತ ಬಿದ್ದಾಗ ಮೊದಲ ಎರಡು ಬರುತ್ತವೆ. ಜಿಗಿತ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸ್ಪ್ರೇ ಹೊಡೆದು ಹಾರಿಸುವುದು ಬೇಡ. ಅಭ್ಯಾಸ ಜಾಸ್ತಿಯಾದ ಮೇಲೆ ಮುಟ್ಟು ತಿಂಗಳುಗಟ್ಟಲೆ ನಿಂತರೂ ಡಾಕ್ಟರ್ ಹತ್ತಿರ ಹೋಗಿ. ಊಟ ಸಾಲುತ್ತಿಲ್ಲ ಅಂತ ದೇಹ ಹೇಳುವ ರೀತಿ ಅದು, ಅದರ ಹಿಂದೆ ಮೂಳೆ ಸೀಳುವ ಅಪಾಯ ಇದೆ. ಪಿ.ಟಿ. ಸರ್‌ಗೆ ಇದನ್ನು ಹೇಳಲು ಮಗಳಿಗೆ ನಾಚಿಕೆಯಾಗಬಹುದು, ನೀವೇ ಕೇಳುತ್ತಿರಿ.

ಟ್ರಿಪಲ್ ಜಂಪ್‌ಗೆ ಅಂತಲೇ ಬರುವ ದುಬಾರಿ ಸ್ಪೈಕ್ಸ್ ಈಗ ಬೇಡ. ಹಿಮ್ಮಡಿಗೆ ದಪ್ಪ ಮೆತ್ತೆ ಇರುವ ಸಾಮಾನ್ಯ ಶೂ ಸಾಕು. ಶೂ ಅಂದಾಗ ನೆನಪಾಯಿತು. 2022ರಲ್ಲಿ ರೋಹಾಸ್ ಲಾಂಗ್ ಜಂಪ್‌ನಲ್ಲಿ 6.93 ಹಾರಿದ್ದರು, ವಿಶ್ವ ಕೂಟಕ್ಕೆ ಅರ್ಹತೆ ಸಿಗುವಷ್ಟು ದೂರ. ಹಾಕಿಕೊಂಡದ್ದು ಟ್ರಿಪಲ್ ಜಂಪ್ ಶೂ. ಆಗ ಅದರ ಅಡಿಯ ದಪ್ಪ ಲಾಂಗ್ ಜಂಪ್‌ಗೆ ಬಿಟ್ಟದ್ದಕ್ಕಿಂತ ಜಾಸ್ತಿ ಇತ್ತು, ಹಾಗಾಗಿ ಆ ಜಿಗಿತ ಅರ್ಹತೆಗೆ ನಡೆಯಲಿಲ್ಲ. ಶಾಲಾ ಕೂಟದಲ್ಲಿ ಯಾರೂ ಅಡಿ ಅಳೆಯುವುದಿಲ್ಲ ಬಿಡಿ.

ಇನ್ನೊಂದು, ನೀವು ಕೇಳಿಲ್ಲ ಆದರೆ ಕೂಟದ ದಿನ ಬರುವ ತೊಂದರೆ. ಲಾಂಗ್ ಜಂಪ್, ಟ್ರಿಪಲ್ ಜಂಪ್ ಎರಡಕ್ಕೂ ಹೆಸರಿದ್ದರೆ ಎರಡೂ ಒಂದೇ ದಿನ ಬರಬಹುದು. ಹಾಗಾದರೆ ಲಾಂಗ್ ಜಂಪ್ ಮೊದಲು ಬರುವುದು ಒಳ್ಳೆಯದು. ಟ್ರಿಪಲ್ ಜಂಪ್ ಮೊದಲಿದ್ದರೆ ಅದರಲ್ಲಿ ಒಂದು ಒಳ್ಳೆಯ ದೂರ ಸಿಕ್ಕಿದ ಮೇಲೆ ಉಳಿದ ಯತ್ನ ಬಿಡಲು ಹೇಳಿ. ಎರಡೂ ಒಂದೇ ಹೊತ್ತಿಗೆ ಬಂದರೆ ಮುಖ್ಯ ತೀರ್ಪುಗಾರರಿಗೆ ಶುರುವಿನಲ್ಲೇ ಹೇಳಿ, ಸುತ್ತಿನಲ್ಲಿ ಅವಳ ಸರದಿ ಹಿಂದೆ ಮುಂದೆ ಮಾಡಿಕೊಡಲು ಅವಕಾಶ ಇದೆ. ಸರದಿ ಬಂದಾಗ ಅವಳು ಅಲ್ಲಿಲ್ಲದಿದ್ದರೆ ಆ ಯತ್ನ ಹೋಯಿತು ಅಂತಲೇ ಲೆಕ್ಕ. ಅವಳು ಓಡಾಡುವಾಗ ಓಟದ ಗುರುತಿನ ಟೇಪು ಮತ್ತು ನೀರಿನ ಬಾಟ್ಲಿ ಹಿಡಿದುಕೊಂಡು ಒಬ್ಬರು ಜೊತೆಗಿರಬೇಕು. ಆ ಕೆಲಸಕ್ಕೆ ನಿಮ್ಮ ಅತ್ತೆಯವರನ್ನೇ ಕರೆದುಕೊಂಡು ಬನ್ನಿ.